ಲ್ಯಾಬ್‌ನಲ್ಲಿ ಕೊರೊನಾ ಸತ್ತಿತೇ? ಮೊದಲು ಕೇಳಿ: ಯಾವ ಜೀವಕೋಶದಲ್ಲಿ?

ಎ549 ಎಂಬುದು ಮನುಷ್ಯನ ಶ್ವಾಸಕೋಶದಿಂದ ಬಂದ ಸೆಲ್ ಲೈನ್, ಅಂದರೆ ಲ್ಯಾಬ್‌ನಲ್ಲಿ ಬಿಡದೆ ಬೆಳೆಸುತ್ತಾ ಬಂದ ಒಂದೇ ಮೂಲದ ಕೋಶಗಳು. ವೆರೋ ಬಂದದ್ದು ಆಫ್ರಿಕಾದ ಹಸಿರು ಕೋತಿಯ ಮೂತ್ರಪಿಂಡದಿಂದ. ಕೋವಿಡ್ ಮನುಷ್ಯನ ಶ್ವಾಸಕೋಶಕ್ಕೆ ಬರುವ ಕಾಯಿಲೆ. ಹಾಗಾದರೆ ವೈರಸ್ ಎ549ರಲ್ಲೇ ಚೆನ್ನಾಗಿ ಬೆಳೆಯಬೇಕು, ಅಲ್ವಾ? ಆಗಿದ್ದು ಉಲ್ಟಾ. 2020ರ ಆರಂಭದಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವಿಜ್ಞಾನಿಗಳು ಆ ದೇಶದ ಮೊದಲ ರೋಗಿಯಿಂದ ತೆಗೆದ ವೈರಸ್ಸನ್ನು ಹಲವು ಸೆಲ್ ಲೈನ್‌ಗಳಿಗೆ ಹಾಕಿ ನೋಡಿದರು. ವೆರೋದಲ್ಲಿ 24 ಗಂಟೆಯೊಳಗೆ ವೈರಸ್ ಪ್ರಮಾಣ ಒಂದು ಕೋಟಿ ದಾಟಿತು. ಹು-7 ಮತ್ತು 293ಟಿ ಕೋಶಗಳಲ್ಲಿ ಸುಮಾರಾಗಿ ಬೆಳೆಯಿತು. ಎ549ರಲ್ಲಿ ಬೆಳೆಯಲೇ ಇಲ್ಲ.

ಅದೇ ಸಮಯದಲ್ಲಿ ಪತ್ರಿಕೆಗಳಲ್ಲಿ, ವಾಟ್ಸಾಪ್‌ನಲ್ಲಿ 'ಇಂಥ ಔಷಧ ಲ್ಯಾಬ್‌ನಲ್ಲಿ ಕೊರೊನಾ ಕೊಂದಿತು' ಎಂಬ ಸುದ್ದಿಗಳು ಸಾಲುಸಾಲಾಗಿ ಬಂದವು. ಅವುಗಳಲ್ಲಿ ಎಷ್ಟೋ ಸುದ್ದಿ ಸುಳ್ಳಲ್ಲ. ಲ್ಯಾಬ್‌ನಲ್ಲಿ ನಿಜಕ್ಕೂ ಹಾಗೇ ಆಗಿತ್ತು. ಯಾವ ಜೀವಕೋಶದಲ್ಲಿ ಆಯಿತು ಎಂಬುದು ಮಾತ್ರ ಶೀರ್ಷಿಕೆಯವರೆಗೆ ಬರಲಿಲ್ಲ.

ಇಂಥ ಸಂಶೋಧನಾ ಪೇಪರ್ ಕೈಗೆ ಬಂದಾಗ ಏನನ್ನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಎಂದು ಹೇಳುವುದಕ್ಕೆ ಈ ಬರಹ. ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಆರೋಗ್ಯದ ಸುದ್ದಿ ಬರೆಯುವವರು, ಸುಮ್ನೆ ಕುತೂಹಲ ಇರುವವರು, ಎಲ್ಲರಿಗೂ ಆಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ವೈರಸ್ ಬೆಳೆಸುವ ಪಾಠ ಅಲ್ಲ. ಜೀವಂತ ಸಾರ್ಸ್-ಕೋವ್-2 ಬೆಳೆಸುವ ಕೆಲಸ ಬಿಎಸ್ಎಲ್-3 ಎಂಬ ಬಿಗಿ ಸುರಕ್ಷತೆಯ ಲ್ಯಾಬ್ ಸೌಲಭ್ಯದಲ್ಲಿ, ತರಬೇತಿ ಪಡೆದವರಿಂದ ಮಾತ್ರ ಆಗಬೇಕು. ನಮಗೆ ಬೇಕಾಗಿರುವುದು ಪೇಪರ್, ಪೆನ್ನು, ಸ್ವಲ್ಪ ಅನುಮಾನ.

ಹಂತ 1: ಸೆಲ್ ಲೈನಿನ ಪೂರ್ತಿ ಹೆಸರು ಬರೆದುಕೊಳ್ಳಿ

ಸಾರಾಂಶದಲ್ಲಿ ಹುಡುಕಬೇಡಿ. ಅಲ್ಲಿ 'ಕೋಶಗಳಲ್ಲಿ' ಅಂತಷ್ಟೇ ಇರುತ್ತದೆ. ವಿಧಾನಗಳ ಭಾಗಕ್ಕೆ ಹೋಗಿ. 'ವೆರೋ' ಎಂದು ಬರೆದುಕೊಂಡರೆ ಸಾಲದು. ಮೂಲ ವೆರೋ ಸಿಸಿಎಲ್-81, ಅದರಿಂದ ಬಂದ ವೆರೋ ಇ6, ಮನುಷ್ಯನ ವಂಶವಾಹಿಯೊಂದನ್ನು ಸೇರಿಸಿದ ವೆರೋ, ಇವೆಲ್ಲ ಬೇರೆ ಬೇರೆ. ಎ549 ಎಂದಿದೆಯೋ ಎ549-ಎಸಿಇ2 ಎಂದಿದೆಯೋ ನೋಡಿ (ಎಸಿಇ2 ಏನೆಂದು ಹಂತ 2ರಲ್ಲಿ ಬರುತ್ತದೆ). ಆ ಒಂದು ಬಾಲದಿಂದ ಫಲಿತಾಂಶದ ಅರ್ಥವೇ ಬದಲಾಗುತ್ತದೆ.

ಪದೇ ಪದೇ ಎದುರಾಗುವ ಹೆಸರುಗಳು ಇವು. ವೆರೋ 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಪೋಲಿಯೋ, ರೇಬಿಸ್ ಲಸಿಕೆಗಳ ತಯಾರಿಗೂ ಇದನ್ನು ಬಳಸುತ್ತಾರೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್ಐವಿ) 2020ರಲ್ಲಿ ನಮ್ಮ ದೇಶದ ರೋಗಿಗಳ ವೈರಸ್ಸನ್ನು ಬೆಳೆಸಿದ್ದು ವೆರೋದಲ್ಲೇ. ಕೋವ್ಯಾಕ್ಸಿನ್‌ಗೆ ಬೇಕಾದ ವೈರಸ್ ಬೆಳೆದದ್ದೂ ವೆರೋದಲ್ಲೇ. ಕ್ಯಾಲು-3 ಮತ್ತು ಎ549 ಎರಡೂ ಮನುಷ್ಯನ ಶ್ವಾಸಕೋಶದ ಕ್ಯಾನ್ಸರಿನಿಂದ ಬಂದವು. ಕಾಕೋ-2 ದೊಡ್ಡಕರುಳಿನದ್ದು, ಹು-7 ಯಕೃತ್ತಿನದ್ದು. ಎಚ್ಇಕೆ 293 ಭ್ರೂಣದ ಮೂತ್ರಪಿಂಡದ ಕೋಶಗಳಿಂದ 1970ರ ದಶಕದಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ತಯಾರಾಯಿತು; 293ಟಿ ಅದರಿಂದಲೇ ಬಂದದ್ದು. ಹೀಲಾ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬಾಕೆಯ ಗರ್ಭಕಂಠದ ಕ್ಯಾನ್ಸರಿನಿಂದ 1951ರಲ್ಲಿ ಬಂದದ್ದು. ಇವೆಲ್ಲ ಒಂದೇ ಥರ ವರ್ತಿಸುತ್ತವೆ ಎಂದು ಭಾವಿಸುವುದಕ್ಕೆ ಯಾವ ಕಾರಣವೂ ಇಲ್ಲ.

ಹಂತ 2: ವೈರಸ್ ಹಿಡಿದುಕೊಳ್ಳುವ ಪ್ರೋಟೀನ್ ಆ ಕೋಶದ ಮೇಲೆ ಇದೆಯೇ ನೋಡಿ

ಯಾವುದೇ ಕೊರೊನಾವೈರಸ್ ಕೋಶದ ಒಳಗೆ ಹೋಗಬೇಕಾದರೆ ಮೊದಲು ಕೋಶದ ಮೇಲಿನ ಒಂದು ರಿಸೆಪ್ಟರನ್ನು ಹಿಡಿದುಕೊಳ್ಳಬೇಕು. ಅದು ಎಲ್ಲ ಕೊರೊನಾಗಳಿಗೂ ಒಂದೇ ಅಲ್ಲ. 2003ರ ಸಾರ್ಸ್ ವೈರಸ್, ಸಾರ್ಸ್-ಕೋವ್-2 ಮತ್ತು ನೆಗಡಿ ತರುವ ಎನ್ಎಲ್63, ಈ ಮೂರೂ ಹಿಡಿಯುವುದು ಎಸಿಇ2 ಎಂಬ ಪ್ರೋಟೀನನ್ನು. ಮರ್ಸ್ ಹಿಡಿಯುವುದು ಡಿಪಿಪಿ4. ಇನ್ನೊಂದು ನೆಗಡಿ ವೈರಸ್ 229ಇಗೆ ಬೇಕಾದದ್ದು ಎಪಿಎನ್ ಎಂಬ ಪ್ರೋಟೀನ್. ಒಸಿ43 ಮಾತ್ರ ಒಂದು ವಿಶೇಷ ಬಗೆಯ ಸಿಯಾಲಿಕ್ ಆಮ್ಲವನ್ನು, ಅಂದರೆ ಕೋಶದ ಮೇಲ್ಮೈಯ ಸಕ್ಕರೆಯನ್ನು ಹಿಡಿಯುತ್ತದೆ.

ಎ549ರ ಗುಟ್ಟು ಇಲ್ಲೇ ಇದೆ. ಅದರಲ್ಲಿ ಎಸಿಇ2 ತುಂಬಾ ಕಡಿಮೆ. ಹೀಲಾದ್ದೂ ಅದೇ ಕಥೆ. ಈ ಕೊರತೆಯನ್ನೇ ವುಹಾನ್‌ನ ವಿಜ್ಞಾನಿಗಳು ಜಾಣತನದಿಂದ ಬಳಸಿಕೊಂಡರು. ಹೀಲಾ ಕೋಶಗಳಿಗೆ ಮನುಷ್ಯನ, ಬಾವಲಿಯ, ಹಂದಿಯ, ಇಲಿಯ ಎಸಿಇ2ಗಳನ್ನು ಬೇರೆ ಬೇರೆಯಾಗಿ ಸೇರಿಸಿ, ಯಾವುದರಲ್ಲಿ ವೈರಸ್ ಒಳಗೆ ಹೋಗುತ್ತದೆ ಎಂದು ನೋಡಿದರು. ಇಲಿಯದ್ದೊಂದನ್ನು ಬಿಟ್ಟು ಉಳಿದವು ಕೆಲಸ ಮಾಡಿದವು. ಹೊಸ ವೈರಸ್ಸಿಗೆ ಎಸಿಇ2 ಬೇಕು ಎಂದು ಖಚಿತವಾದದ್ದು ಹೀಗೆ. ಸೋಂಕು ತಗಲದ ಕೋಶದಿಂದಲೂ ಇಷ್ಟೊಂದು ಕಲಿಯಬಹುದು.

ಪೇಪರಿನಲ್ಲಿ ಆ ಕೋಶದ ಎಸಿಇ2 ಪ್ರಮಾಣವನ್ನು ಅಳೆದು ತೋರಿಸಿದ್ದಾರೆಯೇ? ಪ್ರೋಟೀನನ್ನೇ ತೋರಿಸುವ ವೆಸ್ಟರ್ನ್ ಬ್ಲಾಟ್ ಅಥವಾ ಫ್ಲೋ ಸೈಟೋಮೆಟ್ರಿ ಚಿತ್ರ ಇದೆಯೇ? ಬರೀ ಆರ್‌ಎನ್‌ಎ ಅಳೆದಿದ್ದರೆ ನನಗೆ ಅಷ್ಟು ಸಮಾಧಾನ ಆಗುವುದಿಲ್ಲ. ಆರ್‌ಎನ್‌ಎ ಇದ್ದ ಮಾತ್ರಕ್ಕೆ ಕೋಶದ ಮೇಲ್ಮೈಯಲ್ಲಿ ಪ್ರೋಟೀನ್ ಇರಲೇಬೇಕು ಎಂದೇನಿಲ್ಲ. ಇನ್ನು ಎಸಿಇ2 ಹೊರಗಿನಿಂದ ಸೇರಿಸಿದ ಕೋಶವಾದರೆ, ಅದು ನಿಜವಾದ ಶ್ವಾಸಕೋಶದಲ್ಲಿ ಇರುವುದಕ್ಕಿಂತ ಎಷ್ಟೋ ಜಾಸ್ತಿ ಇರಬಹುದು ಎಂದು ಪಕ್ಕದಲ್ಲಿ ಬರೆದುಕೊಳ್ಳಿ.

ಹಂತ 3: ವೈರಸ್ ಯಾವ ಬಾಗಿಲಿನಿಂದ ಒಳಗೆ ಹೋಗುತ್ತಿದೆ?

ಇಡೀ ಬರಹದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಎಸಿಇ2 ಹಿಡಿದ ಮೇಲೆ ವೈರಸ್ಸಿನ ಸ್ಪೈಕ್ ಪ್ರೋಟೀನನ್ನು ಕೋಶದ ಒಂದು ಕಿಣ್ವ ಕತ್ತರಿಸಬೇಕು. ಆಗ ಮಾತ್ರ ವೈರಸ್ಸಿನ ಪೊರೆ ಕೋಶದ ಪೊರೆಯ ಜೊತೆ ಬೆರೆಯುತ್ತದೆ. ಇದಕ್ಕೆ ಎರಡು ದಾರಿ. ಮುಂಬಾಗಿಲಿನ ದಾರಿಯಲ್ಲಿ ಟಿಎಂಪಿಆರ್‌ಎಸ್‌ಎಸ್2 ಎಂಬ ಕಿಣ್ವ ಕೋಶದ ಮೇಲ್ಮೈಯಲ್ಲೇ ಸ್ಪೈಕನ್ನು ಕತ್ತರಿಸುತ್ತದೆ. ಹಿತ್ತಿಲ ಬಾಗಿಲಿನ ದಾರಿಯಲ್ಲಿ ಕೋಶ ವೈರಸ್ಸನ್ನು ಎಂಡೋಸೋಮ್ ಎಂಬ ಚೀಲದೊಳಗೆ ಎಳೆದುಕೊಳ್ಳುತ್ತದೆ. ಚೀಲದ ಒಳಗೆ ಹುಳಿ ಏರಿದಾಗ ಕ್ಯಾಥೆಪ್ಸಿನ್-ಎಲ್ ಎಂಬ ಇನ್ನೊಂದು ಕಿಣ್ವ ಅದೇ ಕೆಲಸ ಮಾಡುತ್ತದೆ.

ನಮ್ಮ ಶ್ವಾಸನಾಳದ ಕೋಶಗಳಲ್ಲಿ, ಕ್ಯಾಲು-3ರಲ್ಲಿ ಟಿಎಂಪಿಆರ್‌ಎಸ್‌ಎಸ್2 ಇದೆ. ವೆರೋದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ವೆರೋದಲ್ಲಿ ವೈರಸ್ ಹಿತ್ತಿಲ ಬಾಗಿಲಿನಿಂದಲೇ ಒಳಗೆ ಹೋಗಬೇಕು.

ಈಗ ಮಲೇರಿಯಾದ ಹಳೆಯ ಔಷಧ ಕ್ಲೋರೋಕ್ವಿನ್ ಕಥೆಗೆ ಬನ್ನಿ. ಈ ಔಷಧ ಎಂಡೋಸೋಮಿನ ಹುಳಿಯನ್ನು ಇಳಿಸುತ್ತದೆ. ಅಂದರೆ ಹಿತ್ತಿಲ ಬಾಗಿಲಿಗೆ ಚಿಲಕ ಹಾಕುತ್ತದೆ. 2005ರಲ್ಲೇ ಹಳೆಯ ಸಾರ್ಸ್ ವೈರಸ್ಸನ್ನು ಇದು ವೆರೋ ಇ6ನಲ್ಲಿ ತಡೆದಿತ್ತು. 2020ರ ಫೆಬ್ರವರಿಯಲ್ಲಿ ವುಹಾನ್‌ನ ಒಂದು ತಂಡ ಹೊಸ ವೈರಸ್ ಮೇಲೂ ಅದನ್ನೇ ಕಂಡಿತು. ವೆರೋ ಇ6ನಲ್ಲಿ 1.13 ಮೈಕ್ರೋಮೋಲಾರ್ (ದ್ರಾವಣದಲ್ಲಿ ಔಷಧದ ಸಾಂದ್ರತೆಯ ಅಳತೆ) ಸಾಕು, ಸೋಂಕು ಅರ್ಧಕ್ಕೆ ಇಳಿಯುತ್ತದೆ ಎಂದು ಲೆಕ್ಕ ಕೊಟ್ಟಿತು. ಮಾರ್ಚ್‌ನಲ್ಲಿ ಐಸಿಎಂಆರ್ ಆರೋಗ್ಯ ಸಿಬ್ಬಂದಿಗೆ ಮುನ್ನೆಚ್ಚರಿಕೆಯಾಗಿ ಅದೇ ಬಗೆಯ ಹೈಡ್ರಾಕ್ಸಿಕ್ಲೋರೋಕ್ವಿನ್ ಸೂಚಿಸಿತು. ಅಂಗಡಿಗಳಲ್ಲಿ ಮಾತ್ರೆ ಖಾಲಿಯಾಯಿತು. ಸಂಧಿವಾತಕ್ಕೆ, ಲೂಪಸ್‌ಗೆ ದಿನಾ ಅದನ್ನೇ ನುಂಗುವವರು ಪರದಾಡಿದರು.

ಆ ವರ್ಷದ ಜುಲೈನಲ್ಲಿ ಜರ್ಮನಿಯ ಗಟ್ಟಿಂಗನ್‌ನ ತಂಡವೊಂದು ಕ್ಲೋರೋಕ್ವಿನ್ ಔಷಧವನ್ನು ಕ್ಯಾಲು-3ರಲ್ಲಿ ಪರೀಕ್ಷಿಸಿತು. ಸೋಂಕು ತಡೆಯಲಿಲ್ಲ. ವೆರೋ ಕೋಶಕ್ಕೇ ಟಿಎಂಪಿಆರ್‌ಎಸ್‌ಎಸ್2 ಸೇರಿಸಿ ನೋಡಿದಾಗಲೂ ಔಷಧದ ಬಲ ಕುಸಿಯಿತು. ಮುಂಬಾಗಿಲು ತೆರೆದಿದ್ದರೆ ಹಿತ್ತಿಲಿಗೆ ಚಿಲಕ ಹಾಕಿ ಏನು ಪ್ರಯೋಜನ? ಅದೇ ಹೊತ್ತಿಗೆ ಫ್ರಾನ್ಸ್‌ನ ತಂಡವೊಂದು ಮಂಗಗಳಲ್ಲಿ, ಮನುಷ್ಯನ ಶ್ವಾಸನಾಳದ ಕೋಶಗಳಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕೆಲಸ ಮಾಡುವುದಿಲ್ಲ ಎಂದು ತೋರಿಸಿತು. ಅಷ್ಟರಲ್ಲಿ ಆಸ್ಪತ್ರೆಯ ರೋಗಿಗಳ ಮೇಲೆ ನಡೆದ ಬ್ರಿಟನ್ನಿನ ರಿಕವರಿ ಟ್ರಯಲ್‌ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಭಾಗ ಕೂಡ ಮುಗಿದಿತ್ತು. ಔಷಧ ಪಡೆದ 1,561 ರೋಗಿಗಳಲ್ಲಿ 28 ದಿನದೊಳಗೆ ಸತ್ತವರು ಶೇ. 27. ಔಷಧ ಇಲ್ಲದೆ ಮಾಮೂಲಿ ಆರೈಕೆ ಪಡೆದ 3,155 ಜನರಲ್ಲಿ ಶೇ. 25.

ವುಹಾನ್ ತಂಡದ ಅಳತೆಯಲ್ಲಿ ತಪ್ಪಿರಲಿಲ್ಲ. ಅವರ ಕೋಶದಲ್ಲಿ ಒಂದೇ ಬಾಗಿಲು ಇತ್ತು, ಅಷ್ಟೇ.

ಹಾಗಾಗಿ ನಿಮ್ಮ ಪುಸ್ತಕದಲ್ಲಿ ಸೆಲ್ ಲೈನಿನ ಹೆಸರಿನ ಪಕ್ಕ ಎರಡು ಕಾಲಂ ಮಾಡಿ: ಎಸಿಇ2 ಇದೆಯೇ, ಟಿಎಂಪಿಆರ್‌ಎಸ್‌ಎಸ್2 ಇದೆಯೇ. ವೆರೋ ಇ6: ಇದೆ, ಇಲ್ಲ. ಕ್ಯಾಲು-3: ಇದೆ, ಇದೆ. ಕಾಕೋ-2: ಇದೆ, ಇದೆ. ಎ549: ತುಂಬಾ ಕಡಿಮೆ, ತುಂಬಾ ಕಡಿಮೆ. ಎ549-ಎಸಿಇ2: ಬೇಕಾದಷ್ಟಿದೆ, ತುಂಬಾ ಕಡಿಮೆ. ಈ ಕೊನೆಯ ಸಾಲಿನಲ್ಲಿ ಹುಷಾರಾಗಿರಿ. 'ಮನುಷ್ಯನ ಶ್ವಾಸಕೋಶದ ಕೋಶ' ಎಂಬ ಹೆಸರು ಹೊತ್ತಿದ್ದರೂ ಇಲ್ಲಿಯೂ ವೈರಸ್ ಹೆಚ್ಚಾಗಿ ಹಿತ್ತಿಲಿನಿಂದಲೇ ಬರುತ್ತದೆ.

ಹಂತ 4: ಒಳಗೆ ಹೋಯಿತು, ಸರಿ. ಹೊರಗೆ ಬಂತೇ?

ಸೋಂಕು ತಗಲುವುದು ಬೇರೆ, ವೈರಸ್ ಬೆಳೆದು ಮರಿಮಾಡುವುದು ಬೇರೆ. ಕೆಲವು ಕೋಶಗಳಿಗೆ ವೈರಸ್ ಹೋಗುತ್ತದೆ, ಒಂದಿಷ್ಟು ಆರ್‌ಎನ್‌ಎ ನಕಲಾಗುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಹೊಸ ವೈರಸ್ ಹೊರಬರುವುದಿಲ್ಲ. ಪೇಪರ್ ಯಾವುದನ್ನು ಅಳೆದಿದೆ ಎಂದು ಪತ್ತೆ ಮಾಡಿ.

ಬರೀ ಆರ್‌ಟಿ-ಪಿಸಿಆರ್ ಆದರೆ ಅದು ಆರ್‌ಎನ್‌ಎ ಲೆಕ್ಕ. ಸತ್ತ ವೈರಸ್ಸಿನ ತುಣುಕೂ, ಮೊದಲು ಹಾಕಿದ ವೈರಸ್ಸಿನಲ್ಲಿ ತೊಳೆಯದೆ ಉಳಿದದ್ದೂ ಅದರಲ್ಲಿ ಸೇರಿರುತ್ತದೆ. ಆದ್ದರಿಂದ ಒಂದೇ ಹೊತ್ತಿನ ಅಳತೆ ಸಾಲದು. ಸೋಂಕು ಹಾಕಿದ ಕೂಡಲೇ ಎಷ್ಟಿತ್ತು, 24 ಗಂಟೆಗೆ ಎಷ್ಟಾಯಿತು, 48 ಗಂಟೆಗೆ ಎಷ್ಟಾಯಿತು ಎಂಬ ಏರಿಕೆ ಕಾಣಬೇಕು. ಸಿಟಿ ಮೌಲ್ಯ (ಆರ್‌ಎನ್‌ಎ ಕಾಣಿಸಿಕೊಳ್ಳಲು ಬೇಕಾದ ಪಿಸಿಆರ್ ಸುತ್ತುಗಳ ಸಂಖ್ಯೆ) ಸುಮಾರು 3.3ರಷ್ಟು ಇಳಿದರೆ ಆರ್‌ಎನ್‌ಎ ಹತ್ತು ಪಟ್ಟು ಏರಿತು ಎಂದರ್ಥ. ಸಿಟಿ 25ರಿಂದ 24ಕ್ಕೆ ಇಳಿಯಿತು ಎಂದು ಸಂಭ್ರಮಿಸುವ ಪೇಪರ್ ಕಂಡರೆ ಅದು ಬರೀ ಎರಡು ಪಟ್ಟು ಎಂದು ನೆನಪಿರಲಿ.

ಪ್ಲಾಕ್ ಅಸ್ಸೇ ಅಥವಾ ಟಿಸಿಐಡಿ50 ಇದ್ದರೆ ಅದು ಸೋಂಕು ಹರಡಬಲ್ಲ ವೈರಸ್ಸಿನ ಲೆಕ್ಕ. ಹೆಚ್ಚು ನಂಬಬಹುದು. ಮೈಕ್ರೋಸ್ಕೋಪಿನಲ್ಲಿ ಕೋಶಗಳು ದುಂಡಗಾಗಿ ಕಿತ್ತುಕೊಂಡು ಬರುವುದನ್ನು ಸಿಪಿಇ ಎನ್ನುತ್ತಾರೆ. ಅದು ಕಾಣಲಿಲ್ಲ ಎಂದ ಮಾತ್ರಕ್ಕೆ ಸೋಂಕು ಇಲ್ಲ ಎನ್ನುವಂತಿಲ್ಲ. ಚೀನಾದ ಸಿಡಿಸಿ ಮೊಟ್ಟಮೊದಲು ಈ ವೈರಸ್ಸನ್ನು ಬೇರ್ಪಡಿಸಿದಾಗ ಮನುಷ್ಯನ ಶ್ವಾಸನಾಳದ ಕೋಶಗಳಲ್ಲಿ 96 ಗಂಟೆಗೆ ಬದಲಾವಣೆ ಕಂಡಿತ್ತು. ಜೊತೆಯಲ್ಲೇ ಇಟ್ಟಿದ್ದ ವೆರೋ ಇ6 ಮತ್ತು ಹು-7ನಲ್ಲಿ ಆರನೇ ದಿನದವರೆಗೆ ಸ್ಪಷ್ಟವಾಗಿ ಏನೂ ಕಂಡಿರಲಿಲ್ಲ.

ಹಂತ 5: ಆ ಕೋಶದಲ್ಲಿ ಏನು ಕೆಟ್ಟಿದೆ ಎಂದು ಕೇಳಿ

ಸೆಲ್ ಲೈನ್‌ಗಳು ಆರೋಗ್ಯವಂತ ಕೋಶಗಳಲ್ಲ. ವರ್ಷಗಟ್ಟಲೆ ಫ್ಲಾಸ್ಕಿನಲ್ಲಿ ಬೆಳೆಯುವುದಕ್ಕೆ ಹೊಂದಿಕೊಂಡವು. ವೆರೋದ ವರ್ಣತಂತುವಿನಲ್ಲಿ ಒಂದು ದೊಡ್ಡ ತುಂಡೇ ಕಳೆದುಹೋಗಿದೆ. ಆ ತುಂಡಿನಲ್ಲೇ ಟೈಪ್-1 ಇಂಟರ್ಫೆರಾನ್ ವಂಶವಾಹಿಗಳಿದ್ದವು. ವೈರಸ್ ಬಂದಾಗ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುವ ಪ್ರೋಟೀನ್ ಇಂಟರ್ಫೆರಾನ್. ಅದನ್ನು ಮಾಡಲಾಗದ ಕೋಶದಲ್ಲಿ ವೈರಸ್ ಸಲೀಸಾಗಿ ಬೆಳೆಯುತ್ತದೆ. ಲಸಿಕೆ ಮಾಡುವವರಿಗೆ ಇದು ವರ. ರೋಗನಿರೋಧಕ ಪ್ರತಿಕ್ರಿಯೆ ಅಧ್ಯಯನ ಮಾಡುವವರಿಗೆ ಇದೇ ಕೋಶ ಬೇಡವಾಗುತ್ತದೆ.

ವೆರೋದ ದೋಷ ಒಳ್ಳೆಯ ಔಷಧವನ್ನೂ ಮುಚ್ಚಿಡಬಹುದು. ಈ ಮಾತು ಸುದ್ದಿಗಳಲ್ಲಿ ಬರುವುದೇ ಇಲ್ಲ. ರೆಮ್ಡಿಸಿವಿರ್ ಕೋಶದೊಳಗೆ ಹೋಗಿ ರೂಪ ಬದಲಿಸಿಕೊಂಡ ಮೇಲೆ ಕೆಲಸ ಮಾಡುವ ಕೋವಿಡ್ ಔಷಧ. ವೆರೋದಲ್ಲಿ ಆ ಬದಲಾವಣೆ ಕಡಿಮೆ. ಕ್ಯಾಲು-3ರಲ್ಲಿ, ಶ್ವಾಸನಾಳದ ಕೋಶಗಳಲ್ಲಿ ಅದಕ್ಕಿಂತ ಕಡಿಮೆ ಔಷಧವೇ ಸಾಕಾಗುತ್ತದೆ. ಇನ್ನೊಂದು ಕೋವಿಡ್ ಔಷಧ ನಿರ್ಮಾಟ್ರೆಲ್ವಿರ್ ವಿಷಯದಲ್ಲಿ ತೊಂದರೆ ಬೇರೆ. ವೆರೋ ಕೋಶ ಅದನ್ನು ಒಳಗೆ ಬಿಟ್ಟುಕೊಂಡಷ್ಟೇ ಬೇಗ ಹೊರಗೆ ಪಂಪ್ ಮಾಡುತ್ತದೆ. ಆ ಪಂಪನ್ನು ತಡೆಯುವ ಇನ್ನೊಂದು ರಾಸಾಯನಿಕ ಸೇರಿಸಿದ ಮೇಲೇ ಸರಿಯಾದ ಲೆಕ್ಕ ಸಿಗುವುದು.

ಔಷಧವೇ ಕೋಶಕ್ಕೆ ತೊಂದರೆ ಕೊಡುತ್ತಿದೆಯೇ ಎಂದೂ ನೋಡಿ. ಸಾಯುತ್ತಿರುವ ಕೋಶದಲ್ಲಿ ವೈರಸ್ಸೂ ಬೆಳೆಯುವುದಿಲ್ಲ. ಹಾಗಾಗಿ ಇಸಿ50 (ವೈರಸ್ಸನ್ನು ಅರ್ಧಕ್ಕೆ ಇಳಿಸುವ ಔಷಧ ಪ್ರಮಾಣ) ಪಕ್ಕದಲ್ಲಿ ಸಿಸಿ50 (ಅರ್ಧದಷ್ಟು ಕೋಶಗಳನ್ನು ಕೊಲ್ಲುವ ಪ್ರಮಾಣ) ಇರಲೇಬೇಕು, ಎರಡರ ನಡುವೆ ಅಂತರ ಚೆನ್ನಾಗಿರಬೇಕು. ಇಷ್ಟಿದ್ದರೂ ಮೋಸ ಹೋಗಬಹುದು. ಕೋವಿಡ್‌ಗೆ ಮರುಬಳಕೆ ಮಾಡಲು ಹೊರಟ ಎಷ್ಟೋ ಹಳೆಯ ಔಷಧಗಳು ಕೋಶದೊಳಗೆ ಕೊಬ್ಬಿನಂಶ ಜಮಾಯಿಸುವಂತೆ ಮಾಡುತ್ತವೆ. ಇದಕ್ಕೆ ಫಾಸ್ಫೋಲಿಪಿಡೋಸಿಸ್ ಎನ್ನುತ್ತಾರೆ. ವೈರಸ್ ಬೆಳೆಯದಿರುವುದಕ್ಕೆ ಅನೇಕ ಔಷಧಗಳಲ್ಲಿ ಇದೇ ಕಾರಣ ಎಂದು 2021ರಲ್ಲಿ ತಿಳಿಯಿತು. ಕೋಶ ಸತ್ತಿರಲಿಲ್ಲ, ಆದರೆ ಸುಸ್ಥಿತಿಯಲ್ಲೂ ಇರಲಿಲ್ಲ.

ಹಂತ 6: ಹಾಕಿದ ವೈರಸ್ ಯಾವುದು, ಎಷ್ಟು ಸಲ ಬೆಳೆಸಿದ್ದು?

ವೆರೋ ಇ6ನಲ್ಲಿ ಮತ್ತೆ ಮತ್ತೆ ಬೆಳೆಸಿದರೆ ವೈರಸ್ಸೇ ಬದಲಾಗುತ್ತದೆ. ಸಾರ್ಸ್-ಕೋವ್-2ರ ಸ್ಪೈಕಿನಲ್ಲಿ ಫ್ಯೂರಿನ್ ಎಂಬ ಕಿಣ್ವ ಕತ್ತರಿಸುವ ಒಂದು ಜಾಗ ಇದೆ. ಮುಂಬಾಗಿಲಿನ ದಾರಿಗೆ ಅದು ಮುಖ್ಯ. ವೆರೋದಲ್ಲಿ ಆ ದಾರಿಯೇ ಇಲ್ಲದಿರುವುದರಿಂದ, ಆ ಜಾಗ ಕಳೆದುಕೊಂಡ ವೈರಸ್ಸುಗಳು ಕೆಲವೇ ಪಾಸೇಜ್‌ಗಳಲ್ಲಿ, ಅಂದರೆ ಹಳೆಯ ಕೋಶಗಳಿಂದ ಹೊಸ ಕೋಶಗಳಿಗೆ ಹಾಕಿ ಬೆಳೆಸುವ ಸುತ್ತುಗಳಲ್ಲಿ, ಮೇಲುಗೈ ಸಾಧಿಸಿಬಿಡುತ್ತವೆ. ಅಂಥ ವೈರಸ್ಸನ್ನು ಆಮೇಲೆ ಕ್ಯಾಲು-3ಕ್ಕೆ ಹಾಕಿದರೆ ಸೋಂಕು ಸೊರಗುತ್ತದೆ. ತಪ್ಪು ಕ್ಯಾಲು-3ರದ್ದಲ್ಲ. ಪೇಪರಿನಲ್ಲಿ ಪಾಸೇಜ್ ಸಂಖ್ಯೆ ಇದೆಯೇ, ಬಳಸಿದ ವೈರಸ್ ಸ್ಟಾಕನ್ನು ಸೀಕ್ವೆನ್ಸ್ ಮಾಡಿ ಆರ್‌ಎನ್‌ಎ ಅಕ್ಷರಗಳನ್ನು ಓದಿದ್ದಾರೆಯೇ ನೋಡಿ. ಈ ಎರಡೂ ಇಲ್ಲದಿದ್ದರೆ ನಾನು ಮುಂದೆ ಓದುವ ಉತ್ಸಾಹ ಕಳೆದುಕೊಳ್ಳುತ್ತೇನೆ.

ತಳಿಯೂ ಲೆಕ್ಕಕ್ಕೆ ಬರುತ್ತದೆ. ಓಮಿಕ್ರಾನ್ ಬಂದಾಗ ಚಿತ್ರ ತಿರುಗಿತು. ಅದು ಟಿಎಂಪಿಆರ್‌ಎಸ್‌ಎಸ್2 ದಾರಿಯನ್ನು ಅಷ್ಟಾಗಿ ನೆಚ್ಚಿಕೊಳ್ಳಲಿಲ್ಲ. ಕ್ಯಾಲು-3ರಲ್ಲಿ ಡೆಲ್ಟಾಗಿಂತ ನಿಧಾನವಾಗಿ ಬೆಳೆಯಿತು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದವರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮನುಷ್ಯನ ಅಂಗಾಂಶದಲ್ಲೇ ನೋಡಿದಾಗ, 24 ಗಂಟೆಗೆ ಶ್ವಾಸನಾಳದಲ್ಲಿ ಡೆಲ್ಟಾದ ಸುಮಾರು 70 ಪಟ್ಟು ಇತ್ತು, ಶ್ವಾಸಕೋಶದ ಒಳಗೆ ಮಾತ್ರ ಕಡಿಮೆ ಇತ್ತು. 2020ರ ಪೇಪರಿನ ತೀರ್ಮಾನವನ್ನು ಹಾಗೇ ಎತ್ತಿ ಇವತ್ತಿನ ತಳಿಗೆ ಅಂಟಿಸಬೇಡಿ.

ಹಂತ 7: ಕೋಶ ನಿಜಕ್ಕೂ ಅದೇನಾ?

ಇದು ಸಣ್ಣ ಹಂತ, ಆದರೆ ಬಿಡಬೇಡಿ. ಲ್ಯಾಬ್‌ಗಳಲ್ಲಿ ಒಂದು ಸೆಲ್ ಲೈನಿನೊಳಗೆ ಇನ್ನೊಂದು ನುಸುಳುವುದು ಹಳೆಯ ಪಿಡುಗು. ಕರುಳಿನದ್ದು ಎಂದು ಮಾರಾಟವಾದ ಐಎನ್‌ಟಿ-407, ಯಕೃತ್ತಿನದ್ದು ಎಂದ ಚಾಂಗ್ ಲಿವರ್, ಗಂಟಲಿನದ್ದು ಎಂದ ಹೆಪ್-2, ಮೂರೂ ಅಸಲಿಗೆ ಹೀಲಾ. ಯಾರಾದರೂ ಐಎನ್‌ಟಿ-407ರಲ್ಲಿ ಪರೀಕ್ಷಿಸಿ 'ಕರುಳಿಗೆ ಸೋಂಕು ತಗಲುವುದಿಲ್ಲ' ಎಂದರೆ ಅವರು ನೋಡಿದ್ದು ಎಸಿಇ2 ಇಲ್ಲದ ಹೀಲಾವನ್ನು. ಮನುಷ್ಯನ ಕೋಶಕ್ಕೆ ಡಿಎನ್‌ಎ ಗುರುತು ಹಿಡಿಯುವ ಎಸ್‌ಟಿಆರ್ ಪರೀಕ್ಷೆ, ಎಲ್ಲ ಕೋಶಕ್ಕೂ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸೇರಿದೆಯೇ ಎಂಬ ಪರೀಕ್ಷೆ ಆಗಿರಬೇಕು. ನಮ್ಮಲ್ಲಿ ಪುಣೆಯ ಎನ್‌ಸಿಸಿಎಸ್‌ನಲ್ಲಿ ರಾಷ್ಟ್ರೀಯ ಕೋಶ ಭಂಡಾರ ಇದೆ. ಪಕ್ಕದ ಲ್ಯಾಬ್‌ನಿಂದ ಫ್ಲಾಸ್ಕ್ ಕೇಳಿ ತರುವುದಕ್ಕಿಂತ ಅಲ್ಲಿಂದ ತರಿಸುವುದು ಒಳ್ಳೆಯದು.

ಹಂತ 8: ರಕ್ತದಲ್ಲಿ ಅಷ್ಟು ಔಷಧ ಸಿಗುತ್ತದೆಯೇ? ಲೆಕ್ಕ ಹಾಕಿ

ಇದನ್ನು ಪರಾವಲಂಬಿ ಹುಳುಗಳಿಗೆ ಕೊಡುವ ಔಷಧ ಐವರ್ಮೆಕ್ಟಿನ್ ಪೇಪರಿನ ಮೇಲೇ ಅಭ್ಯಾಸ ಮಾಡೋಣ. 2020ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಬಂದದ್ದು. ಔಷಧ ಹಾಕಿ 48 ಗಂಟೆಯಲ್ಲಿ ವೈರಸ್ ಆರ್‌ಎನ್‌ಎ ಸುಮಾರು 5,000 ಪಟ್ಟು ಇಳಿಯಿತು ಎಂಬುದು ಸುದ್ದಿ.

ಕೋಶ ಯಾವುದು? ವೆರೋ-ಎಚ್‌ಸ್ಲ್ಯಾಮ್. ಹೆಸರಿನ ಬಾಲ ದಡಾರಕ್ಕೆ ಸಂಬಂಧಿಸಿದ್ದು, ಮನುಷ್ಯನ ದಡಾರ ರಿಸೆಪ್ಟರ್ ಸೇರಿಸಿದ ವೆರೋ ಅದು. ಅಂದರೆ ಕೋತಿಯ ಮೂತ್ರಪಿಂಡ, ಇಂಟರ್ಫೆರಾನ್ ಇಲ್ಲ, ಹಿತ್ತಿಲ ಬಾಗಿಲು ಮಾತ್ರ. ಶ್ವಾಸಕೋಶದ ಕೋಶದಲ್ಲಿ ನೋಡಿದ್ದಾರೆಯೇ? ಇಲ್ಲ. ಔಷಧದ ಪ್ರಮಾಣ ಎಷ್ಟು? 5 ಮೈಕ್ರೋಮೋಲಾರ್. ಐವರ್ಮೆಕ್ಟಿನ್ ಅಣುತೂಕ ಸುಮಾರು 875. ಐದರಿಂದ ಗುಣಿಸಿದರೆ ಮಿಲಿಲೀಟರಿಗೆ ಸುಮಾರು 4,400 ನ್ಯಾನೋಗ್ರಾಂ. ಮಾಮೂಲಿ ಡೋಸ್ ನುಂಗಿದವರ ರಕ್ತದಲ್ಲಿ ಸಿಗುವುದು ಕೆಲವು ಹತ್ತು ನ್ಯಾನೋಗ್ರಾಂ. ಎಷ್ಟು ಮಾತ್ರೆ ನುಂಗಬೇಕು, ನೀವೇ ಯೋಚಿಸಿ. 2022ರಲ್ಲಿ ಬ್ರೆಜಿಲ್‌ನ 1,358 ರೋಗಿಗಳ ಟುಗೆದರ್ ಟ್ರಯಲ್ ಫಲಿತಾಂಶ ಬಂತು. ಆಸ್ಪತ್ರೆ ಸೇರುವುದನ್ನು ಐವರ್ಮೆಕ್ಟಿನ್ ಕಡಿಮೆ ಮಾಡಲಿಲ್ಲ. ಪೇಪರ್ ಬಂದ ದಿನವೇ ಒಂದು ಕ್ಯಾಲ್ಕುಲೇಟರ್ ಇದನ್ನು ಊಹಿಸಬಹುದಿತ್ತು.

ಹಂತ 9: ಸರಿಯಾದ ಕೋಶದಲ್ಲೂ ನಿಲ್ಲಬೇಡಿ

ಕ್ಯಾಲು-3 ಇದ್ದರೆ ಸಾಕು ಎಂದುಕೊಂಡರೆ ಕ್ಯಾಮೊಸ್ಟಾಟ್ ನೆನಪಿಸಿಕೊಳ್ಳಿ. ಅದು ಟಿಎಂಪಿಆರ್‌ಎಸ್‌ಎಸ್2 ಅನ್ನೇ ತಡೆಯುವ ಔಷಧ. ಕ್ಯಾಲು-3ರಲ್ಲಿ ಚೆನ್ನಾಗಿ ಕೆಲಸ ಮಾಡಿತು. ಡೆನ್ಮಾರ್ಕ್‌ನ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಕೊಟ್ಟಾಗ ಪ್ರಯೋಜನ ಕಾಣಲಿಲ್ಲ. ವೆರೋದಿಂದ ಕ್ಯಾಲು-3, ಅಲ್ಲಿಂದ ಗಾಳಿಗೆ ಒಡ್ಡಿ ಬೆಳೆಸಿದ ಶ್ವಾಸನಾಳದ ಕೋಶಗಳು, ಆಮೇಲೆ ಹ್ಯಾಮ್‌ಸ್ಟರ್, ಆಮೇಲೆ ಮನುಷ್ಯ. ಪೇಪರ್ ಎಲ್ಲಿಯವರೆಗೆ ಬಂದಿದೆ ಎಂದು ಗುರುತು ಹಾಕಿ. ಕೆಲವು ಕೊರೊನಾಗಳು ಮಧ್ಯದ ಮೆಟ್ಟಿಲಿನಲ್ಲೇ ಶುರುವಾಗಬೇಕು. 2005ರಲ್ಲಿ ಹಾಂಗ್‌ಕಾಂಗ್‌ನಿಂದ ವರದಿಯಾದ ಎಚ್‌ಕೆಯು1 ಮಾಮೂಲಿ ಸೆಲ್ ಲೈನ್‌ಗಳಲ್ಲಿ ಬೆಳೆಯದೆ ಸತಾಯಿಸಿತು. 2010ರಲ್ಲಿ ಶ್ವಾಸನಾಳದ ಕೋಶಗಳಲ್ಲಿ ಬೆಳೆಯಿತು. 2020ರಲ್ಲಿ ಹೈದರಾಬಾದಿನ ಸಂಶೋಧನಾ ಸಂಸ್ಥೆ ಸಿಸಿಎಂಬಿ ಮನುಷ್ಯನ ಶ್ವಾಸಕೋಶದ ಕೋಶಗಳಿಗಾಗಿ ಬೆಂಗಳೂರಿನ ಐಸ್ಟೆಮ್ ಕಂಪನಿಯ ಜೊತೆ ಕೈಜೋಡಿಸಿದ್ದೂ ಈ ಕಾರಣಕ್ಕೇ. ಔಷಧ ಪರೀಕ್ಷೆಗೆ ವೆರೋ ಒಂದೇ ಸಾಲದು ಎಂದು ಅವರಿಗೆ ಗೊತ್ತಿತ್ತು.

ನಿಮ್ಮದೇ ಪ್ರಾಜೆಕ್ಟ್ ಆದರೆ

ಕಾಲೇಜು ಲ್ಯಾಬ್‌ಗಳಲ್ಲಿ ಜೀವಂತ ವೈರಸ್ ಇರುವುದಿಲ್ಲ, ಇರಲೂಬಾರದು. ಬಿಎಸ್ಎಲ್-2ರಲ್ಲಿ ಸ್ಯೂಡೋವೈರಸ್ ಬಳಸುತ್ತಾರೆ. ನಿರುಪದ್ರವಿಯಾಗಿ ಮಾಡಿದ ಬೇರೆ ವೈರಸ್ಸಿನ ಮೇಲೆ ಕೊರೊನಾ ಸ್ಪೈಕ್ ಕೂರಿಸಿದ್ದು ಅದು. ಒಂದು ಸಲ ಒಳಗೆ ಹೋಗಿ ಬೆಳಕು ಕೊಡುತ್ತದೆ, ಮರಿಮಾಡುವುದಿಲ್ಲ. ಆದ್ದರಿಂದ ಪ್ರವೇಶದ ಬಗ್ಗೆ ಮಾತ್ರ ಮಾತಾಡಿ, 'ವೈರಸ್ ಬೆಳವಣಿಗೆ ತಡೆಯಿತು' ಎಂದು ಬರೆಯಬೇಡಿ.

ಕಂಟ್ರೋಲ್‌ಗಳಲ್ಲಿ ಜಿಪುಣತನ ಬೇಡ. ಸ್ಪೈಕ್ ಇಲ್ಲದ ಸ್ಯೂಡೋವೈರಸ್ ಒಂದು. ಹೆಚ್ಚುಕಡಿಮೆ ಎಲ್ಲ ಕೋಶಕ್ಕೂ ಹೋಗುವ ವಿಎಸ್‌ವಿ-ಜಿ (ವಿಎಸ್‌ವಿ ಎಂಬ ಬೇರೊಂದು ವೈರಸ್ಸಿನ ಹೊರಪ್ರೋಟೀನ್) ಹೊತ್ತದ್ದು ಇನ್ನೊಂದು. ಎಸಿಇ2 ಸೇರಿಸದ 293ಟಿ ಮೂರನೆಯದು. ನಿಮ್ಮ ಔಷಧ ವಿಎಸ್‌ವಿ-ಜಿಯನ್ನೂ ಅಷ್ಟೇ ತಡೆದರೆ ಅದಕ್ಕೂ ಕೊರೊನಾ ಸ್ಪೈಕಿಗೂ ವಿಶೇಷ ನಂಟಿಲ್ಲ, ಎಂಡೋಸೋಮನ್ನೋ ಕೋಶವನ್ನೋ ಕೆಡಿಸುತ್ತಿದೆ ಎಂದು ಅನುಮಾನಿಸಿ. 293ಟಿ-ಎಸಿಇ2 ಜೊತೆಗೆ ಟಿಎಂಪಿಆರ್‌ಎಸ್‌ಎಸ್2 ಇರುವ ಒಂದು ಕೋಶವನ್ನಾದರೂ ಇಟ್ಟುಕೊಳ್ಳಿ. ಕ್ಯಾಲು-3 ಆರಿಸಿಕೊಂಡರೆ ಗೈಡ್ ಹತ್ತಿರ ಮೊದಲೇ ಸಮಯ ಕೇಳಿಟ್ಟುಕೊಳ್ಳಿ. ಗುಂಪುಗುಂಪಾಗಿ, ತೀರಾ ನಿಧಾನವಾಗಿ ಬೆಳೆಯುವ ಕೋಶ ಅದು. ವೆರೋ ವೇಗಕ್ಕೆ ಒಗ್ಗಿದವರು ಪ್ಲೇಟ್ ತುಂಬಲಿಲ್ಲ ಎಂದು ಸೆಮಿಸ್ಟರ್ ಕೊನೆಯಲ್ಲಿ ತಲೆ ಕೆಡಿಸಿಕೊಳ್ಳುತ್ತಾರೆ.